ತಗಡಿನ ತಾತ ಬಿಚ್ಚಿದ ಪೈಪು

ಎಲ್ಲೀವರೆಗೆ ಹೇಳಿದ್ದೆ ಪುಟ್ಟಿ? ಹಾಂ, ನನ್ನ ತಮ್ಮನ ವಿಷಯ. ಬೀದಿಗೆಲ್ಲ ಅವನು ತಗಡಿನ ತಾತ. ನಾನು ಹೇಳೋದನ್ನ ಬೇಗ ಬೇಗ ಬರ್ಕೋ, ಇವತ್ತು ನನಗೇ ನಿಂತಲ್ಲಿ ನಿಲ್ಲೋಕಾಗ್ತಿಲ್ಲ.

ಅವನು ಓದಿದ್ದು ನಾಲ್ಕನೇ ಕ್ಲಾಸು. ಐವತ್ತು ವರ್ಷದಿಂದ ತಗಡು ಕತ್ತರಿಸೋದು, ಸುತ್ತೋದು, ಪೈಪು ಮಾಡೋದು. ಒಂದ್ಸಲ ಹೆಬ್ಬೆರಳನ್ನೇ ಕತ್ತರಿಸ್ಕೊಂಡಿದ್ದ, ಅದಿರಲಿ ಬಿಡು, ಅದು ಬೇರೆ ರಾಮಾಯಣ. ಅವನ ಮೊಮ್ಮಗಳು ಚೂಟಿ ಇದಾಳಲ್ಲ, ಲೆಕ್ಕದಲ್ಲಿ ನೂರಕ್ಕೆ ನೂರು. ಆದ್ರೂ ಹದಿನೈದು ದಿನದಿಂದ ಒಂದೇ ಹಟ: "ಲೆಕ್ಕ ಸಾಕು ತಾತ. ಆ ಸೈನು ಕೊಸೈನು ಬಾಯಿಪಾಠ ಮಾಡಿ ಯಾರಿಗೇನಾಗ್ಬೇಕು? ಕಾಲೇಜಲ್ಲಿ ಬೇರೆ ಏನಾದ್ರೂ ತಗೋತೀನಿ." ಅರ್ಜಿ ಕೊಡೋಕೆ ಇವತ್ತೇ ಕೊನೇ ದಿನ. ವಿಷಯ ಬರೆಯೋ ಜಾಗ ಇನ್ನೂ ಖಾಲಿ. ಬುದ್ಧಿ ಹೇಳಿದ್ರೆ ಕೇಳೋ ಪೈಕಿನಾ ಅದು?

ಬೆಳಿಗ್ಗೆ ತಾತ ತಗಡು ಅವಳ ಮುಂದಿಟ್ಟ. "ಬೇಕರಿಯೋರಿಗೆ ಹೊಗೆ ಪೈಪು ಬೇಕಂತೆ. ನಡುವೆ ಮೊಣಕೈ ಥರ ತಿರುಗ್ಬೇಕು. ಕತ್ತರಿಸೋಕೆ ಗೆರೆ ಹಾಕ್ಕೊಡೇ ಜಾಣೆ."

"ಅದೇನ್ ಮಹಾ!" ಸ್ಕೇಲಿಟ್ಟು ನೆಟ್ಟಗೆ ಏರಿಸಿದ್ಲು, ನೆಟ್ಟಗೆ ಇಳಿಸಿದ್ಲು, ಗುಡಾರದ ಥರ. ಕತ್ತರಿಸಿ, ಸುತ್ತಿ, ಎರಡು ತುಂಡು ಜೋಡಿಸಿದ್ರೆ ಬೆರಳು ತೂರೋಷ್ಟು ಸಂದು!

"ಹೊಗೆಯೆಲ್ಲಾ ಬೇಕರಿಯೋನ ಮೂಗಿಗೆ," ಅಂತ ತಾತ ಕಿಸಕ್ಕಂದ.

"ನಗ್ಬೇಡ ತಾತ, ನೀನೇ ತೋರ್ಸು ಮತ್ತೆ!"

ಅವನು ಹಳೇ ಮೊಣಕೈ ಪೈಪಿನ ಬೆಸುಗೆ ಬಿಡಿಸಿ, ಒಂದು ತುಂಡನ್ನ ಬಿಚ್ಚಿ, ಮರದ ಸುತ್ತಿಗೇಲಿ ತಟ್ಟಿ ತಟ್ಟಿ ಚಪ್ಪಟೆ ಮಾಡಿದ. ಅಂಚು ಗುಡಾರ ಅಲ್ಲ ಕಣೇ, ಅಲೆ! ನುಣ್ಣಗೆ ಏರಿ ನುಣ್ಣಗೆ ಇಳಿಯೋ ಅಲೆ.

ಚೂಟಿ ಕೂಗಿದ್ದು ಮೂರು ಮನೆಗೆ ಕೇಳಿಸ್ತು. "ತಾತಾ! ಇದು ಸೈನಿನ ಗೆರೆ! ನಮ್ಮ ಲೆಕ್ಕದ ಪುಸ್ತಕದ್ದೇ! ನಿನಗ್ಯಾರು ಹೇಳ್ಕೊಟ್ರು?"

"ನನಗೇನ್ ಗೊತ್ತೇ ತಾಯಿ, ನಮ್ಮಪ್ಪ ಕತ್ತರಿಸಿ ಕೊಟ್ಟ ರಟ್ಟಿನ ಅಚ್ಚಿಟ್ಟು ಗೀಚ್ತೀನಿ. ಅದಿರಲಿ, ದಪ್ಪ ಪೈಪಿನ ಪಕ್ಕೆಗೆ ಸಣ್ಣ ಪೈಪು ಓರೆಯಾಗಿ ಬಂದು ಸೇರಿದ್ರೆ ಗೆರೆ ಹೆಂಗಿರುತ್ತೆ? ಅದಕ್ಕೆ ನನ್ನ ಹತ್ರ ರಟ್ಟಿಲ್ಲ. ಐವತ್ತು ವರ್ಷದಿಂದ ಉಜ್ಜಿ ಉಜ್ಜಿ ಕೂರಿಸ್ತಿದೀನಿ."

ಮುಗೀತು! ತಗಡಿನ ತುಂಬಾ ಸೀಮೆಸುಣ್ಣ, ಅವಳ ಮೂಗಿನ ತುಂಬಾನೂ. ಊಟ ಆರಿ ಅಕ್ಷತೆ ಆಯ್ತು. ಕೊನೆಗೆ ಎದ್ದು ಕುಣಿದ್ಲು: "ಅರ್ಧ ಬಂತು ತಾತ! ಉಳಿದರ್ಧಕ್ಕೆ ನಾನು ಕಲಿತಿರೋ ಲೆಕ್ಕ ಸಾಲ್ದು. ಮುಂದಿಂದು ಬೇಕೇ ಬೇಕು!" ಅರ್ಜಿ ಎಳ್ಕೊಂಡು "ಗಣಿತ" ಅಂತ ಒತ್ತಿ ಬರೆದ್ಲು ನೋಡು, ಕಾಗದ ತೂತು! ತಾತ ಕಣ್ಣೊರೆಸ್ಕೊಂಡು ಸೊಟ್ಟಗೆ ಸೈನ್ ಹಾಕಿದ.

ಈಗ ಇಬ್ಬರೂ ಮತ್ತೆ ತಗಡಿನ ಮೇಲೆ ಬಿದ್ದಿದಾರೆ, ಗಂಟೆ ಎಷ್ಟು ಅನ್ನೋ ಪರಿವೆ ಇಲ್ಲ. ಕಾಲೇಜಲ್ಲಿ ಅರ್ಜಿ ತಗೊಳ್ಳೋ ಕಿಟಕಿ ನಾಲ್ಕಕ್ಕೆ ಮುಚ್ಚುತ್ತೆ. ಪೆನ್ನು ಕೆಳಗಿಡು, ಸೈಕಲ್ ತಗೋ, ಈ ಅರ್ಜಿ ಕೊಟ್ಟು ರಸೀದಿ ಇಸ್ಕೊಂಡ್ ಬಾ. ಓಡು!