ತೂಕಕ್ಕೆ ಹೋದ ಮಗ

ನಮ್ಮ ಮನೆಯಲ್ಲಿ ಜೀವ ಇರುವ ಯಾವುದನ್ನೂ ತೂಗುತ್ತಿರಲಿಲ್ಲ. ಗುಡೇಕೋಟೆ ಕಡೆಯ ಕುರಿ ಸಾಕುವ ಮನೆ ನಮ್ಮದು. ಸಾಕಲಿಕ್ಕೆ ಕುರಿ ಕೊಳ್ಳುವವನು ಬೆನ್ನ ಮೇಲೆ ಕೈಯಾಡಿಸಿ, ಬಾಯಿ ಬಿಡಿಸಿ ಹಲ್ಲು ನೋಡಿ ಹೊಡೆದುಕೊಂಡು ಹೋಗುತ್ತಾನೆ. ತಕ್ಕಡಿ ತರುವವನು ಬೇರೆ, ಅವನು ಕಡಿಯಲಿಕ್ಕೆ ಒಯ್ಯುವವನು. "ತಕ್ಕಡಿ ಹತ್ತಿದ್ದು ಹಟ್ಟಿಗೆ ಹೊಳ್ಳಿ ಬರೂದಿಲ್ಲ" ಎನ್ನುವುದು ಅವ್ವನ ಮಾತು. ಅದು ಕುರಿಗಷ್ಟೇ ಹೇಳಿದ ಮಾತು ಎಂದು ನಾವೆಲ್ಲ ತಿಳಿದಿದ್ದೆವು. ಅವ್ವ ಹಾಗೆ ತಿಳಿದಿರಲಿಲ್ಲ. ನಾನು ಕೂಸಾಗಿದ್ದಾಗ ಅಂಗನವಾಡಿ ಟೀಚರು ಮಕ್ಕಳನ್ನು ತೂಗಲು ಬಂದರೆ, ಕುರಿಮರಿ ಮುಚ್ಚುವ ಬುಟ್ಟಿಯನ್ನು ನನ್ನ ಮೇಲೆ ಬೋರಲು ಹಾಕಿ ಅದರ ಮೇಲೆ ತಾನೇ ಕೂತುಬಿಡುತ್ತಿದ್ದಳಂತೆ.

ಬುಟ್ಟಿಗೆ ಹಿಡಿಸದಷ್ಟು ಬೆಳೆದೆ. ಮೈ ಬೆಳೆದಷ್ಟು ಬುದ್ಧಿ ಬೆಳೆಯಲಿಲ್ಲ, ಸಿಟ್ಟು ಮಾತ್ರ ಮೈಗಿಂತ ಒಂದು ಗೇಣು ಮುಂದೆ ಇತ್ತು. ಕಾನಹೊಸಹಳ್ಳಿಯ ಹೈಸ್ಕೂಲಿನಲ್ಲಿ ನನ್ನನ್ನು ಕೋಣ ಎಂದವನಿಗೆ ಒಂದೇ ಏಟು ಕೊಟ್ಟೆ, ಅವನು ಕೂತಲ್ಲೇ ಕೂತ. ಹೆಡ್‌ಮಾಸ್ಟರು ಟಿ.ಸಿ. ಕೊಡಲು ಹೊರಟಿದ್ದರು. ಪಿ.ಟಿ. ಮೇಷ್ಟ್ರು ತಡೆದು, "ಈ ಕೈ ದಂಡ ಆಗಬಾರ್ದು ಸರ್" ಎಂದು ನನ್ನನ್ನು ಬಾಕ್ಸಿಂಗಿಗೆ ಹಚ್ಚಿದರು.

ಮೊದಲ ಪಂದ್ಯ ಹೊಸಪೇಟೆಯಲ್ಲಿ. ಬೆಳಿಗ್ಗೆ ಎಲ್ಲರನ್ನೂ ತೂಕಕ್ಕೆ ನಿಲ್ಲಿಸಿದರು. ನನ್ನ ತೂಕ ಕೂಗಿದಾಗ ಉಳಿದ ಹುಡುಗರು ತಿರುಗಿ ನೋಡಿದರು, ನನಗೆ ಕೋಡು ಮೂಡಿತು. ಪದಕ ಕೊರಳಿಗೆ ಹಾಕಿಕೊಂಡು ಮನೆಗೆ ಬಂದವನು ಪದಕದ ಸುದ್ದಿ ಬಿಟ್ಟು ಅದನ್ನೇ ಹೇಳಿದೆ. "ಅವ್ವ, ತೊಂಬತ್ತೆರಡು ಕಿಲೋ ಅದೀನಿ!" ಹೇಳಬಾರದಿತ್ತು.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು. "ಯಾರು ತೂಗಿದ್ರು?" ಎಂದಳು. ಹೇಳಿದೆ. ಹೆಂಚಿನ ಮೇಲಿನ ರೊಟ್ಟಿ ಕರಿಯಾಗುವವರೆಗೂ ನನ್ನ ಮುಖವನ್ನೇ ನೋಡಿದಳು. ಆಮೇಲೆ ತಟ್ಟೆ ತೆಗೆದುಕೊಂಡು ಹೋಗಿ ಹೊರಗಿನ ಕಟ್ಟೆಯ ಮೇಲೆ, ಬಂದುಹೋಗುವವರು ಉಣ್ಣುವ ಜಾಗದಲ್ಲಿ, ಇಟ್ಟಳು.

"ಉಣ್ರಿ. ಬಿಸಿಲಾಗ ಬಂದೀರಿ."

ನಕ್ಕೆ, ಚೇಷ್ಟೆ ಎಂದುಕೊಂಡೆ. ಅವ್ವ ನಗಲಿಲ್ಲ. ಇಳಿಹೊತ್ತಿಗೆ ಜಾಲಿಬೇಲಿಯ ಹತ್ತಿರ ನಿಂತು ರಸ್ತೆಯ ಕಡೆ ಮುಖ ಮಾಡಿ ನನ್ನನ್ನು ಕೂಗಿದಳು. ದಾರಿ ತಪ್ಪಿದ ಕುರಿಯನ್ನು ಕರೆಯುವಂತೆ, ಹೆಸರಿನ ಕೊನೆ ಎಳೆದು ಎಳೆದು. ನಾನು ಅವಳ ಬೆನ್ನ ಹಿಂದೆ ನಾಲ್ಕು ಮಾರು ದೂರದಲ್ಲಿ ಕೂತಿದ್ದೆ.

"ಇಲ್ಲೇ ಅದೀನಲ್ಲ ಅವ್ವ!"

ಹೊರಳಿ ನೋಡಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಪರಸ್ಥಳದವರಿಗೆ ತೋರುವ ಮರ್ಯಾದೆ ಇತ್ತು. "ನೀವು ಉಂಡು ಮಲಕ್ಕೊಳ್ರಿ. ನನ್ನ ಮಗ ಇನ್ನೂ ಬಂದಿಲ್ಲ" ಎಂದಳು.

ಅಪ್ಪ ಸಮಾಧಾನದ ಮನುಷ್ಯ. "ನಾಕು ದಿನ ಬಿಡು, ಸರಿ ಹೋಕ್ಕಾಳ" ಎಂದ. ನಾಲ್ಕು ದಿನ ನಾಲ್ಕು ವರ್ಷವಾಯಿತು. ಉಳಿದದ್ದರಲ್ಲಿ ಅವ್ವನಿಗೆ ಏನೂ ಆಗಿರಲಿಲ್ಲ. ಸಂತೆ ಮಾಡುತ್ತಿದ್ದಳು, ಕುರಿ ಎಣಿಸುತ್ತಿದ್ದಳು, ಅಪ್ಪನ ಕಾಲೆಳೆಯುತ್ತಿದ್ದಳು. ಹಡಗಲಿಯ ಡಾಕ್ಟರ ಮುಂದೆ ಕೂತು ಲೆಕ್ಕಕ್ಕೆ ಲೆಕ್ಕ, ಮಾತಿಗೆ ಮಾತು ಸರಿಯಾಗಿ ಉತ್ತರ ಕೊಟ್ಟಳು. ಹೊರಗೆ ಬಂದು ನನಗೆ, "ದೂರದಿಂದ ಕರಕೊಂಡು ಬಂದ್ರಿ, ಪುಣ್ಯ ಬರ್ಲಿ" ಎಂದಳು. ಅವತ್ತು ಬಸ್‌ಸ್ಟ್ಯಾಂಡಿನ ಹಿಂದೆ ಹೋಗಿ ಗೋಡೆಗೆ ಗುದ್ದಿ ಅತ್ತೆ.

ಮಗನೇ ಹೌದೆಂದು ತೋರಿಸಲು ಏನೆಲ್ಲ ಮಾಡಿದೆ! ಅವ್ವ ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ. ನನ್ನ ಜೊತೆ ಮಲಗುತ್ತಿದ್ದ ಒಂಟಿಗಿವಿಯ ಮರಿ, ಅವಳು ಕದ್ದು ಕೊಟ್ಟ ಬೆಲ್ಲ, ಮೊಣಕಾಲಿನ ಕಲೆ. ನಾನು ಕಲ್ಲುಬಂಡೆಯಿಂದ ಜಾರಿಬಿದ್ದಾಗ ಅವ್ವ ತನ್ನ ಸೆರಗು ಹರಿದು ಕಟ್ಟಿದ್ದಳು. ಎಲ್ಲ ಕೇಳಿ, "ಯಾರಿಂದರ ತಿಳಕೊಂಡಿರ್ತೀರಿ" ಎನ್ನುತ್ತಿದ್ದಳು.

ಅಷ್ಟರಲ್ಲಿ ನನ್ನ ಬಾಕ್ಸಿಂಗ್ ಬೆಳೆಯುತ್ತಿತ್ತು. ಬೆಳೆಯಿತು ಎನ್ನುವುದೂ ಒಂದು ನಗೆಯ ಮಾತೇ. ನಮ್ಮ ಕಡೆ ಹೆವಿವೇಟ್ ಹುಡುಗರು ಎಲ್ಲಿದ್ದಾರೆ? ಹರಪನಹಳ್ಳಿ, ದಾವಣಗೆರೆ ಎಂದು ಹೋದಲ್ಲೆಲ್ಲ ಎದುರಾಳಿಯೇ ಇರುತ್ತಿರಲಿಲ್ಲ. ಇದ್ದವನೂ ನನ್ನನ್ನು ನೋಡಿ ಜ್ವರ ಎನ್ನುತ್ತಿದ್ದ. ನಾನೊಬ್ಬನೇ ರಿಂಗ್ ಹತ್ತುವುದು, ಗಂಟೆ ಹೊಡೆಯುವುದು, ರೆಫರಿ ನನ್ನ ಕೈ ಎತ್ತುವುದು. ಕೂತು ತಂದ ಪದಕಗಳು ಎಂದು ಗೆಳೆಯರು ಆಡಿಕೊಳ್ಳುತ್ತಿದ್ದರು. ಆ ಖಾಲಿ ಮೂಲೆಯನ್ನು ನೋಡಲು ನನಗೆ ಹೆದರಿಕೆಯಾಗುತ್ತಿತ್ತು ಎಂದು ಯಾರಿಗೂ ಹೇಳಲಿಲ್ಲ. ಅವ್ವ ಕಾಯುತ್ತಿರುವ ಹುಡುಗ ಅಲ್ಲಿ ಬಂದು ನಿಂತಿದ್ದಾನೆ ಅನ್ನಿಸುತ್ತಿತ್ತು.

ರಾಜ್ಯಮಟ್ಟ ದಾಟಿದ ಮೇಲೆ ವೃತ್ತಿಪರ ಬಾಕ್ಸಿಂಗಿಗೆ ಇಳಿದೆ. ದೊಡ್ಡ ಊರು, ದೊಡ್ಡ ಹೋಟೆಲು. ಪಂದ್ಯದ ಹಿಂದಿನ ದಿನ ಒಳಚಡ್ಡಿಯಲ್ಲಿ ತಕ್ಕಡಿ ಹತ್ತಿಸಿ, ಕ್ಯಾಮೆರಾಗಳ ಮುಂದೆ ತೂಕ ಕೂಗುತ್ತಾರೆ. ಅದೊಂದು ಹಬ್ಬ ಅವರಿಗೆ. ಅಂಥದ್ದೊಂದು ವಿಡಿಯೋವನ್ನು ಪಕ್ಕದ ಮನೆಯವರು ಫೋನಿನಲ್ಲಿ ಅವ್ವನಿಗೆ ತೋರಿಸಿದರು. ನಾನು ಊರಿಗೆ ಬಂದಿದ್ದೆ, ಪಕ್ಕದಲ್ಲೇ ಇದ್ದೆ. ಅವ್ವ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅದರ ಗಾಜು ಸವರಿದಳು.

"ಇವ ನನ್ನ ಮಗ. ನೋಡು, ಹೆಂಗ ತೂಗಾಕ ಹತ್ಯಾರ."

"ಮತ್ತ ನಾ ಯಾರು?" ಎಂದೆ. ದನಿ ಏರಿತ್ತು.

"ನೀವು ಆಮ್ಯಾಲೆ ಬಂದವ್ರು."

ನಾಲ್ಕು ಪಂದ್ಯ ಗೆದ್ದೆ. ಐದನೆಯದರಲ್ಲಿ ಎದುರಿಗೆ ಬಂದವನು ಉತ್ತರದ ಕಡೆಯವನು, ನನಗಿಂತ ಒಂದು ತಲೆ ಎತ್ತರ. ಮೂರನೆಯ ರೌಂಡಿನಲ್ಲಿ ಅವನ ಎಡಗೈ ಬಂದದ್ದು ಕಂಡಿತು, ಬಲಗೈ ಕಾಣಲೇ ಇಲ್ಲ. ನೆಲದ ಮೇಲೆ ಬಿದ್ದವನಿಗೆ ರೆಫರಿ ಎಣಿಸುವುದು ಕೇಳಲಿಲ್ಲ. ಯಾರೋ ಬಹಳ ದೂರದಿಂದ, ಎಳೆದು ಎಳೆದು, ನನ್ನನ್ನು ಕೂಗುತ್ತಿದ್ದರು. ಓ ಎನ್ನಬೇಕೆಂದರೆ ನಾಲಿಗೆ ಏಳಲಿಲ್ಲ.

ತಲೆಗೆ ಬಿದ್ದ ಪೆಟ್ಟು ನೋಡಿ ಡಾಕ್ಟರು ಇನ್ನು ಸಾಕು ಎಂದರು. ಬಟ್ಟೆ ಕಟ್ಟಿಕೊಂಡು ಬಂದೆ. ಕೂಡ್ಲಿಗಿಯಲ್ಲಿ ಬಸ್ ಇಳಿದಾಗ ಮಟಮಟ ಮಧ್ಯಾಹ್ನ. ಸಾವಿರ ಸಲ ನಡೆದ ವೃತ್ತದಲ್ಲಿ ನಿಂತು ನಮ್ಮೂರಿನ ಬಸ್ಸು ಯಾವ ಕಡೆ ನಿಲ್ಲುತ್ತದೆಂದು ನೆನಪಾಗದೆ, ಹಣ್ಣಿನ ಅಂಗಡಿಯವನನ್ನು ಕೇಳಿದೆ. ಅವನು ತೋರಿಸಿದ.

ಮನೆ ಮುಟ್ಟಿದಾಗ ಅವ್ವ ಕಟ್ಟೆಯ ಮೇಲೆ ನೀರಿಟ್ಟಳು. ಊದಿದ ನನ್ನ ಮುಖವನ್ನು ನೋಡಿದಳು. ಬಹಳ ದಿನದ ಮೇಲೆ ಮತ್ತೆ ಕೇಳಿದಳು, "ನನ್ನ ಮಗ ಆದರ ಹೇಳ್ರಿ. ಮೊಣಕಾಲ ಕಲಿ ಹೆಂಗಾತು?"

ಪ್ಯಾಂಟು ಮೇಲೆತ್ತಿದೆ. ಕಲೆ ಇತ್ತು. ಬೆರಳಿಟ್ಟು ಮುಟ್ಟಿದೆ. ಹೇಗಾಯಿತೆಂದು ಎಷ್ಟು ತಡಕಿದರೂ ಒಳಗೆ ಏನೂ ಇರಲಿಲ್ಲ. ಬೇರೆ ಯಾರದೋ ಕಾಲಿನ ಕಲೆ ನೋಡಿದಂತೆ ನೋಡಿದೆ. (ಕಲ್ಲುಬಂಡೆ, ಸೆರಗು ಎಂದು ಮೇಲೆ ಬರೆದದ್ದು ಆಮೇಲೆ ಅಪ್ಪ ಹೇಳಿಕೊಟ್ಟದ್ದು.)

"ಗೊತ್ತಿಲ್ಲ" ಎಂದೆ. ಇಷ್ಟು ದಿನ ಅವ್ವ ಹೇಳುತ್ತಿದ್ದುದೇ ನಿಜವೇನೋ ಎಂದು ಅವತ್ತು ಮೊದಲ ಸಲ ಹೆದರಿದೆ.

ಅವ್ವ ಆ ಹೆದರಿಕೆಯನ್ನು ನೋಡಿದಳು. "ಅಯ್ಯ, ಯಾವ ತಾಯಿ ಮಗನೋ" ಎಂದು ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ನನ್ನ ಹೈಸ್ಕೂಲಿನ ಕಾಲದ ಕಂಬಳಿ ಇತ್ತು. ಒಗೆಯದೆ, ಝಾಡಿಸದೆ ಇಟ್ಟಿದ್ದಳು.

ಮರಿ ಸತ್ತ ಕುರಿ ಬೇರೆ ಮರಿಗೆ ಮೊಲೆ ಕೊಡುವುದಿಲ್ಲ, ಒದೆಯುತ್ತದೆ. ಆಗ ಸತ್ತ ಮರಿಯ ತೊಗಲು ಸುಲಿದು ತಬ್ಬಲಿ ಮರಿಗೆ ಹೊದಿಸಿ ಬಿಡುತ್ತೇವೆ. ಕುರಿ ಮೂಸಿ ನೋಡುತ್ತದೆ, ತನ್ನ ಮರಿಯ ವಾಸನೆ ಸಿಕ್ಕರೆ ಸುಮ್ಮನೆ ನಿಲ್ಲುತ್ತದೆ. ನಮ್ಮ ಹಟ್ಟಿಯಲ್ಲಿ ಈ ಕೆಲಸ ಅವ್ವನದೇ.

ಅವ್ವ ಆ ಕಂಬಳಿಯನ್ನು ನನ್ನ ತಲೆಯ ಮೇಲಿಂದ ಹೊದಿಸಿದಳು. ಕುತ್ತಿಗೆಯ ಹತ್ತಿರ ಮೂಗು ತಂದು ಕಣ್ಣು ಮುಚ್ಚಿ ಉಸಿರೆಳೆದಳು. ಮತ್ತೊಮ್ಮೆ ಎಳೆದಳು. ನಾನು ಅಲುಗಾಡಲಿಲ್ಲ.

"ಅವ ಇನ್ನ ಬರೂದಿಲ್ಲ ಬಿಡು" ಎಂದಳು. ಎಷ್ಟೋ ವರ್ಷದ ಅಳು ಒಮ್ಮೆಲೇ ಬಂತು ಅವಳಿಗೆ. ನನ್ನ ಎದೆಗೆ ಒರಗಿ ತನ್ನ ಮಗನಿಗಾಗಿ ಅತ್ತಳು. ಆಮೇಲೆ ಕೈ ಹಿಡಿದು ಎಬ್ಬಿಸಿದಳು. "ನೀನರ ಇರು. ಒಳಗ ನಡಿ, ಉಣ್ಣು."

ನಾನೇ ಅವನು ಎನ್ನಲು ಬಾಯಿ ತೆರೆದೆ. ಆಣೆ ಮಾಡುವಷ್ಟು ಧೈರ್ಯ ಇರಲಿಲ್ಲ. ಹೂಂ ಎಂದೆ.