ಮಂಜಿನಲ್ಲಿ ರಜಾಕನ ಕೈ ಹಿಡಿದವನು

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಇದು ನಡೆದದ್ದಂತೂ ನಿಜ.

ಮುಂಡಾಜೆಯಿಂದ ಮೇಲೆ, ಘಟ್ಟದ ರಕ್ಷಿತಾರಣ್ಯದೊಳಗೆ ಹೊಳೆಯೊಂದು ಹುಟ್ಟುವ ಜಾಗದ ನಕ್ಷೆ ಮಾಡುವ ಕೆಲಸ ನಮ್ಮದು. ನಾನು ಈಚೆ ಬಂಡೆಯ ಮೇಲೆ ಅಳತೆಯ ಯಂತ್ರ ಇಟ್ಟು ನೋಡುವವನು. ಬಂಟ್ವಾಳದ ರಜಾಕ್ ಕಣಿವೆಯಾಚೆ, ನೀರು ಒಸರುವಲ್ಲಿ ಯಂತ್ರಕ್ಕೆ ಗುರಿಯಾಗುವ ಪ್ರಿಸಂ ಗಾಜು ಸಿಕ್ಕಿಸಿದ ಕೋಲು ಹಿಡಿದು ನಿಲ್ಲುವವನು. ಮಂಜು ಮುಸುಕಿದರೆ ಕೋಲಿನವನು ನಿಂತಲ್ಲಿಂದ ಕದಲಬಾರದು, ಯಂತ್ರದವನೇ ಹೋಗಿ ಕರೆತರಬೇಕು. ಅದು ನಮ್ಮ ಪದ್ಧತಿ. ಹೆಜ್ಜೆ ತಪ್ಪಿದರೆ ಕೆಳಗೆ ಪ್ರಪಾತ.

ಅವತ್ತು ಕತ್ತಲಾಗುವ ಮೊದಲೇ ಮಂಜು ಇಳಿಯಿತು. ಟಾರ್ಚ್ ಹಾಕಿದರೂ ನನ್ನ ಕಾಲೇ ನನಗೆ ಕಾಣಿಸಲಿಲ್ಲ. ಜೀರುಂಡೆಗಳೆಲ್ಲ ಒಮ್ಮೆಲೇ ಸುಮ್ಮನಾದವು... ಎಲ್ಲಿಂದಲೋ ಕೊಳೆತ ಎಲೆಯ ವಾಸನೆ.

ವಾಕಿಟಾಕಿಯಲ್ಲಿ ಹೇಳಿದೆ, "ರಜಾಕ್, ಅಲ್ಲೇ ನಿಲ್ಲು. ಮಂಜು ಸ್ವಲ್ಪ ಬಿಡಲಿ, ಬರ್ತೇನೆ."

"ನಾನು ಇನ್ನೆಲ್ಲಿಗೆ ಹೋಗುವುದು ಮಾರಾಯ? ಬರುವಾಗ ಬಿರಿಯಾನಿ ತಾ," ಎಂದು ನಕ್ಕ.

ಸ್ವಲ್ಪ ಹೊತ್ತಿಗೆ ಮತ್ತೆ ಅವನ ಧ್ವನಿ. "ಹೋ... ಟಾರ್ಚ್ ಇಲ್ಲದೆ ಬಂದದ್ದಾ ನೀನು?"

"ಯಾರು ಬಂದದ್ದು?" ಎಂದೆ.

ಅವನು ಮಾತಾಡುತ್ತಿದ್ದದ್ದು ನನ್ನೊಡನೆ ಅಲ್ಲ. ಬಟನ್ ಒತ್ತಿಕೊಂಡೇ ಪಕ್ಕದಲ್ಲಿದ್ದ ಯಾರಿಗೋ ಹೇಳುತ್ತಿದ್ದ. "ನಿನ್ನ ಕೈ ಯಾಕೆ ಇಷ್ಟು ತಣ್ಣಗೆ ಉಂಟು? ಆಯ್ತು, ಹೋಗುವ..."

"ರಜಾಕ್! ಅದು ನಾನಲ್ಲ! ಹೋಗಬೇಡ!"

ಅವನು ಬಟನ್ ಬಿಡುವವರೆಗೆ ನನ್ನ ಮಾತು ಅವನಿಗೆ ಕೇಳುವುದಿಲ್ಲ. ಗಂಟಲು ಹರಿಯುವಂತೆ ಕೂಗಿದೆ, ಎದ್ದು ಓಡಲು ಹೋಗಿ ಜಾರಿ ಬಿದ್ದೆ. ಕಾಲು ಉಳುಕಿತು. ವಾಕಿಟಾಕಿಯಲ್ಲಿ ಇಬ್ಬರು ನಡೆಯುವ ಸದ್ದು... ಮತ್ತೆ ಅದೂ ನಿಂತಿತು. ಬೆಳಕು ಹರಿಯುವವರೆಗೆ ಬಂಡೆಗೆ ಒರಗಿ ಅಳುವುದು ಬಿಟ್ಟರೆ ನನ್ನಿಂದ ಏನೂ ಆಗಲಿಲ್ಲ.

ಬೆಳಿಗ್ಗೆ ಅರಣ್ಯದ ವಾಚರುಗಳಿಗೆ ಪ್ರಪಾತದ ಅಂಚಿನಲ್ಲಿ ಕೂತಿದ್ದ ಅವನು ಸಿಕ್ಕಿದ. ಮೈಮೇಲೆ ಒಂದು ಗೀರೂ ಇರಲಿಲ್ಲ. ನನ್ನನ್ನು ಕಂಡವನೇ ಕೇಳಿದ, "ನನ್ನನ್ನು ಅಲ್ಲಿ ಕೂರಿಸಿ ಎಲ್ಲಿಗೆ ಹೋದೆ?"

ಈಗ ಅವನು ಬಂಟ್ವಾಳದಲ್ಲಿ ಅಂಗಡಿ ಇಟ್ಟಿದ್ದಾನೆ. ನಾನು ಹೋದರೆ ಎದುರಿಗೇ ನಿಂತು ನನ್ನ ನಂಬರಿಗೆ ಫೋನ್ ಮಾಡುತ್ತಾನೆ. ನನ್ನ ಜೇಬಿನಲ್ಲಿ ರಿಂಗ್ ಆಗಿ, ಬಂದದ್ದು ನಾನೇ ಎಂದು ಖಾತ್ರಿಯಾದ ಮೇಲೆಯೇ ಮಾತು. ಸಂಕಟವಾಗುತ್ತದೆ, ಆದರೂ ಬೈಯಲು ಮನಸ್ಸು ಬರುವುದಿಲ್ಲ.

ಮೊನ್ನೆಯೂ ಮಾಡಿದ. ನನ್ನ ಫೋನ್ ರಿಂಗೇ ಆಗಲಿಲ್ಲ.

"ಹಾಂ, ಎಲ್ಲಿದ್ದೀ ಮಾರಾಯ?" ಎಂದ ಅವನು ಫೋನಿನಲ್ಲಿ. ಆ ಕಡೆಯ ಉತ್ತರ ಕೇಳುತ್ತಾ, ನನ್ನ ಮುಖವನ್ನೇ ನೋಡುತ್ತಾ, ನನ್ನನ್ನು ಹೊರಗೇ ಬಿಟ್ಟು ನಿಧಾನಕ್ಕೆ ಅಂಗಡಿಯ ಶಟರ್ ಎಳೆದ.