ಏಳನೆಯ ರೊಟ್ಟಿ

ವಿದಾದ್‌ಗೆ ಅರವತ್ತು ತುಂಬಿತ್ತು. ವಾಷಿಂಗ್ಟನ್ ಪಕ್ಕದ ಊರೊಂದರಲ್ಲಿ ಇಪ್ಪತ್ತೈದು ವರ್ಷ ಬಟ್ಟೆ ಹೊಲಿದು ಮೂವರು ಮಕ್ಕಳನ್ನು ದಡ ಸೇರಿಸಿದ ಹೆಂಗಸು. ಆದರೂ ಮನೆಯವರ ಬಾಯಲ್ಲಿ ಅವಳು ಇನ್ನೂ ರೊಟ್ಟಿ ಕದ್ದ ಹುಡುಗಿಯೇ.

ಅದು ಯಾಫಾದ ಮಾತು. ಪ್ಯಾಲೆಸ್ತೀನಿನ ಕಡಲತೀರದ ಆ ನಗರದಲ್ಲಿ ಸಿನಿಮಾ ಟಾಕೀಸುಗಳಿದ್ದವು, ಕಾಫಿ ಅಂಗಡಿಗಳಿದ್ದವು, ಬೀದಿ ತುಂಬ ಕಿತ್ತಳೆ ಗಾಡಿಗಳ ಗಲಾಟೆ. ಅವಳ ಬೀದಿಯಲ್ಲಿ ಮಾತ್ರ ಯಾರೂ ಮನೆಯಲ್ಲಿ ರೊಟ್ಟಿ ಬೇಯಿಸುತ್ತಿರಲಿಲ್ಲ. ಹಿಟ್ಟು ನಾದಿ, ತಟ್ಟಿ, ಹಲಗೆಯ ಮೇಲೆ ಜೋಡಿಸಿ ಮೂಲೆಯ ಒಲೆಯವನಲ್ಲಿಗೆ ಕಳಿಸುವುದು ರೂಢಿ. ಅದಲುಬದಲಾಗದಿರಲಿ ಎಂದು ಮನೆಗೊಂದು ಗುರುತು. ವಿದಾದ್‌ಳ ಅಪ್ಪ ದರ್ಜಿ. ಅವನು ಹೊಲಿಯುವಾಗ ಬೆರಳಿಗೆ ತೊಡುತ್ತಿದ್ದ ಹಿತ್ತಾಳೆ ಟೊಪ್ಪಿಯನ್ನು ಅಮ್ಮ ಪ್ರತಿ ರೊಟ್ಟಿಯ ಮೇಲೂ ಮೂರು ಸಲ ಒತ್ತುತ್ತಿದ್ದಳು.

1948ರ ಏಪ್ರಿಲ್‌ನಲ್ಲಿ ಊರಿನ ಮೇಲೆ ಶೆಲ್ಲು ಬೀಳುತ್ತಿತ್ತು, ಹಿಟ್ಟಿಗೆ ಹಾಹಾಕಾರ. ಏಳು ರೊಟ್ಟಿ ಒಯ್ದ ಹುಡುಗಿ ಆರನ್ನು ತಂದಳು. ಅಮ್ಮನ ಏಟು ಕೆನ್ನೆಗೆ ಬಿತ್ತು. ಮರುದಿನ ಬೈರೂತಿನ ದೋಣಿ ಹತ್ತಿದ ಮನೆಯವರು ಮತ್ತೆ ಯಾಫಾ ನೋಡಲಿಲ್ಲ. ಬೈರೂತಿನಲ್ಲಿ ಕಣ್ಣು ಮುಚ್ಚುವವರೆಗೂ ಅಮ್ಮ ಆ ರೊಟ್ಟಿಯನ್ನು ಮರೆಯಲಿಲ್ಲ. ತಿಂದಿಲ್ಲ, ತಿಂದಿಲ್ಲ ಎಂದು ಹೇಳಿ ಹೇಳಿ ವಿದಾದ್‌ಗೆ ತನ್ನ ಮೇಲೇ ಅನುಮಾನ ಬಂದಿತ್ತು. ಅದೊಂದು ಸುಳ್ಳಾದರೆ ಆ ಬೀದಿ, ಆ ಒಲೆ, ನೆನಪಿನ ಇಡೀ ಊರು ತಾನೇ ಕಟ್ಟಿಕೊಂಡ ಕತೆಯಾಗಿರಬಹುದಲ್ಲ?

1998ರಲ್ಲಿ, ಊರು ಬಿಟ್ಟು ಐವತ್ತು ವರ್ಷವಾಯಿತೆಂದು ಯಾಫಾದವರು ವಾಷಿಂಗ್ಟನ್ನಿನ ಒಂದು ಹಾಲ್‌ನಲ್ಲಿ ಸೇರಿದರು. ಒಬ್ಬೊಬ್ಬರೂ ಒಂದೊಂದು ಅಡುಗೆ ತರಬೇಕಿತ್ತು. ವಿದಾದ್ ಏಳು ರೊಟ್ಟಿ ಒಯ್ದಳು, ಅಪ್ಪನ ಅದೇ ಟೊಪ್ಪಿಯಿಂದ ಗುರುತು ಒತ್ತಿ.

ಅಣ್ಣ ನಬೀಹ್ ಸುಮ್ಮನಿರುವ ಆಸಾಮಿಯಲ್ಲ. "ಎಣಿಸ್ಕೊಳ್ಳಿ. ಇವಳು ದಾರೀಲೇ ಒಂದು ಮುಗಿಸಿರ್ತಾಳೆ" ಎಂದ. ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು.

ನಗದವಳು ಅಟ್ಲಾಂಟಾದಿಂದ ಬಂದಿದ್ದ ನಜ್ಲಾ ಎಂಬ ಮುದುಕಿ. ಒಂದು ರೊಟ್ಟಿ ಎತ್ತಿಕೊಂಡು ಮೂರು ಗುಳಿಗಳ ಮೇಲೆ ಬೆರಳಾಡಿಸಿದಳು.

"ಇದು ದರ್ಜಿ ಮನೇದು. ಮೂಲೇಲಿದ್ದ ಒಲೆ ನಮ್ಮಪ್ಪಂದು. ಎದುರಿಗೆ ಕ್ಷೌರದಂಗಡಿ ಇತ್ತು" ಎಂದಳು. ಆಮೇಲೆ ದನಿ ತಗ್ಗಿಸಿದಳು. "ಕೊನೇ ವಾರ ನಮ್ಮನೇಲಿ ಹಿಟ್ಟೇ ಇರ್ಲಿಲ್ಲ. ಈ ಗುರುತಿಂದು ಒಂದು ತೆಗ್ದು ಶಾಲಲ್ಲಿ ಮುಚ್ಕೊಂಡೆ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ."

ವಿದಾದ್‌ಗೆ ಕೋಪ ಬರಬೇಕಿತ್ತು. ಬಂದದ್ದು ಹಿಡಿಸಲಾರದಷ್ಟು ಸಂತೋಷ. ಮೂಲೆಯ ಒಲೆ ಇತ್ತು. ಕ್ಷೌರದಂಗಡಿ ಇತ್ತು. ಯಾಫಾ ಇತ್ತು, ಅದರಲ್ಲಿ ತಾನು ಕಳ್ಳಿಯಾಗಿರಲಿಲ್ಲ.

"ಇನ್ನೊಂದ್ಸಲ ಹೇಳಿ ಅಕ್ಕ, ಮೈಕಲ್ಲಿ" ಎಂದು ನಜ್ಲಾಳ ಕೈಹಿಡಿದು ವೇದಿಕೆಗೆ ಕರೆದೊಯ್ದಳು. ನಜ್ಲಾ ಹೇಳಿದಳು, ಹಾಲ್ ತುಂಬ ಕೇಳುವಂತೆ. ನಬೀಹ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

ವಿದಾದ್ ಕೆಳಗಿಳಿದು ಬಂದು ರೊಟ್ಟಿಯ ತಟ್ಟೆಯನ್ನು ಅವನ ಮುಂದೆ ತಳ್ಳಿದಳು.

"ಈಗ ಎಣಿಸು ಅಣ್ಣ. ಆರೇ ಇದೆ. ಏಳನೇದು ಅವರ ಕೈಲಿದೆ."